ಒಳ್ಳೆಯ ಮಾತು ಬರೆದ ಕಾಗದ

ಮಗ ಊಲಿ ಸೋತಿದ್ದಾನೆ ಎಂದು ರುಜುವಾತು ಮಾಡಲು ನಾನು ಅವನ ಜೊತೆ ಬರ್ನ್‌ಗೆ ಹೋದೆ. ಅಲ್ಲಿ ಹೊಸದಾಗಿ ತೆರೆದ ಚಿಕಿತ್ಸಾಲಯದಲ್ಲಿ ಚಟ ಬಿಡಲಾಗದವರಿಗೆ ವೈದ್ಯರೇ ಅಳೆದು ಹೆರಾಯಿನ್ ಕೊಡುತ್ತಿದ್ದರು. ಆದರೆ ಬೇರೆ ಚಿಕಿತ್ಸೆ ಎರಡು ಸಲ ಕೈಕೊಟ್ಟವರಿಗೆ ಮಾತ್ರ, ಅದೂ ಕಾಗದದ ಮೇಲೆ ಇರಬೇಕು.

ಈ ಯೋಜನೆಯನ್ನು ಬಾಯಿತುಂಬ ಬೈದವಳು ನಾನು. ಬ್ರೆಡ್ಡಿನ ಅಂಗಡಿಯಲ್ಲಿ ಪಕ್ಕದ ಮನೆಯ ಲ್ಯೂಟಿ, "ನಮ್ಮ ತೆರಿಗೇಲಿ ಅವರಿಗೆ ಬೆಳಗ್ಗೆ ಬೆಳಗ್ಗೆ ವಿಷದ ಸೂಜಿ. ನಾಳೆ ಕುಡುಕರ ಮನೆಬಾಗಿಲಿಗೆ ವೈನ್ ಕಳಿಸ್ತಾರೆ, ನೋಡ್ತಿರು" ಎಂದಾಗ ನಾನೂ ನಕ್ಕಿದ್ದೆ. ಊಲಿ ರೈಲು ನಿಲ್ದಾಣದ ಶೌಚಾಲಯದಲ್ಲಿ ತುಟಿ ನೀಲಿಯಾಗಿ ಬಿದ್ದಿದ್ದನ್ನು ಕಂಡ ಮೇಲೆ ನನ್ನ ನಗು ಅಡಗಿತು. ಇನ್ನೊಂದು ಸಲ ಹಾಗೆ ಬಿದ್ದರೆ ಏಳುವುದಿಲ್ಲ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು.

ಡಾಕ್ಟರ್ ಎಬಿಷರ್ ಎಂಬ ಹೆಂಗಸು ಕಡತ ತಿರುವಿದಳು. "ಮೊದಲನೇ ಸಲ ಹತ್ತೊಂಬತ್ತು ದಿನಕ್ಕೇ ಬಿಟ್ಟು ಹೋಗಿದೀರಿ. ಅದು ಲೆಕ್ಕಕ್ಕೆ ಬರುತ್ತೆ. ಎರಡನೇದು?"

ಊಲಿ ಪ್ಲಾಸ್ಟಿಕ್ ಲಕೋಟೆಯಿಂದ ಆ ಚಿಕಿತ್ಸೆಯ ಬಗ್ಗೆ ತನ್ನ ಬಳಿಯಿದ್ದ ಒಂದೇ ಪತ್ರ ತೆಗೆದು ಕೊಟ್ಟ. ಮೈಮೇಲಿನ ಕೋಟನ್ನೂ ಬಡಗಿ ಕೆಲಸದ ಉಳಿಗಳನ್ನೂ ಮಾರಿಕೊಂಡವನು ಅದನ್ನು ಮಾತ್ರ ನಾಲ್ಕು ವರ್ಷ ಜೋಪಾನ ಮಾಡಿದ್ದ.

ಅವಳು ಓದಿದಳು: 'ಊಲಿ ಚಿಕಿತ್ಸೆಯನ್ನು ಯಶಸ್ವಿಯಾಗಿ ಮುಗಿಸಿದ್ದಾನೆ. ಅವನಲ್ಲಿ ನನಗೆ ಪೂರ್ಣ ವಿಶ್ವಾಸವಿದೆ.'

"ಇದನ್ನ ಸೋಲು ಅಂತ ನಾನು ಹೇಗೆ ಬರೀಲಿ?"

"ಕೊನೇ ವಾರ ಕದ್ದು ಚುಚ್ಕೊಂಡು ಸಿಕ್ಕಿಬಿದ್ದೆ, ಹೊರಗೆ ಹಾಕಿದ್ರು. ಆದ್ರೂ ಅಲ್ಲಿನ ಮೇಲ್ವಿಚಾರಕರು ಮನಸ್ಸು ಕರಗಿ ಹೀಗೆ ಬರೆದ್ರು," ಎಂದ ಊಲಿ. "ನನ್ನ ಬಗ್ಗೆ ಯಾರಾದ್ರೂ ಒಳ್ಳೇದು ಬರೆದಿರೋದು ಇದೊಂದೇ."

"ನಿಮ್ಮ ಮಾತು ನಂಬ್ತೀನಿ. ಆದ್ರೆ ಸಮಿತಿಯೋರು ಕಾಗದ ನೋಡ್ತಾರೆ. ಈ ಪತ್ರ ಇರೋವರೆಗೆ ನಿಮಗೆ ಜಾಗ ಇಲ್ಲ."

ಆ ಮೇಲ್ವಿಚಾರಕರ ಮನಸ್ಸು ತಾನಾಗಿ ಕರಗಿರಲಿಲ್ಲ. ಬಡಗಿ ಗೆರ್ಬರ್ ಇವನನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳಲಿ, ಊರಿನವರ ಬಾಯಿ ಮುಚ್ಚಲಿ ಎಂದು ನಾನೇ ಹೋಗಿ ಅವರ ಮುಂದೆ ಎರಡು ಗಂಟೆ ಅತ್ತಿದ್ದೆ. ಈಗ ಸುಮ್ಮನಿದ್ದರೆ ಮಗನಿಗೆ ಈ ಕಾಗದ ಉಳಿಯುತ್ತಿತ್ತು, ಮಗ ಉಳಿಯುತ್ತಿರಲಿಲ್ಲ.

"ಡಾಕ್ಟ್ರೇ, ಅದು ಸುಳ್ಳು. ನಾನು ಬೇಡಿಕೊಂಡು ಬರೆಸಿದ್ದು."

"ಏನಮ್ಮ ಹೇಳ್ತಿದೀಯ?" ಎಂದು ಊಲಿ ನನ್ನತ್ತ ತಿರುಗಿದ.

"ಆ ವಿಶ್ವಾಸದ ಸಾಲಿದೆಯಲ್ಲ, ಅದನ್ನೂ ನಾನೇ ಹೇಳಿ ಬರೆಸಿದ್ದು ಕಣೋ."

ಎಬಿಷರ್ ಅಲ್ಲಿಂದಲೇ ಆ ಮೇಲ್ವಿಚಾರಕರಿಗೆ ಫೋನ್ ಮಾಡಿದಳು. ಆ ಮನುಷ್ಯ ಐದು ನಿಮಿಷದಲ್ಲಿ ಎಲ್ಲವನ್ನೂ ಒಪ್ಪಿಕೊಂಡ, ನಿಜ ಸಂಗತಿ ಬರೆದು ಕಳಿಸುತ್ತೇನೆಂದ. ಸೋಮವಾರ ಬೆಳಗ್ಗೆ ಏಳಕ್ಕೆ ಬನ್ನಿ ಎಂದು ಅವಳು ಊಲಿಯ ಕೈ ಕುಲುಕಿದಳು. ನನ್ನ ಮಗನಿಗೆ ಜಾಗ ಸಿಕ್ಕಿತು. ಖುಷಿಪಡುವ ಮುಖ ನನಗೆಲ್ಲಿತ್ತು?

ಟ್ರಾಮ್ ಬಂತು. ಹತ್ತಿ ಕೂತ ಮೇಲೆ ಊಲಿ ಮೆಲ್ಲಗೆ ಕೇಳಿದ.

"ಹಾಗಾದ್ರೆ ನಾನು ಸರಿಹೋಗ್ತೀನಿ ಅಂತ ನಂಬಿದ್ದು ನೀನೊಬ್ಬಳೇನಾ ಅಮ್ಮ?"

ನಂಬಿದ್ದರೆ ಸುಳ್ಳು ಬರೆಸಲು ನಾನೇಕೆ ಹೋಗುತ್ತಿದ್ದೆ?

"ಹೂಂ ಕಣೋ," ಎಂದೆ. ಅವನು ನನ್ನ ಕೈ ಹಿಡಿದುಕೊಂಡ.