ಭೀಮೆಯಲ್ಲಿ ಒಂಬತ್ತೇ ಜಾತಿ

ಅಚ್ಚಾದ ವರದಿ ಇಂಡಿ ತಾಲೂಕಿನ ಮೀನುಗಾರಿಕೆ ಕಚೇರಿಗೆ ಬಂದದ್ದು ೧೯೭೬ರ ನವೆಂಬರಿನಲ್ಲಿ. ಭೀಮಾ ನದಿಯಲ್ಲಿ ಯಾವ ಯಾವ ಮೀನುಗಳಿವೆ ಎಂದು ತಿಳಿಯಲು ವರ್ಷವಿಡೀ ಬಲೆ ಎಳೆದು ಮಾಡಿದ ಸಮೀಕ್ಷೆಯ ವರದಿ ಅದು. ದಂಡೆಯ ಮೇಲೆ ಕೂತು ಬಲೆಗೆ ಬಂದದ್ದನ್ನೆಲ್ಲ ಬರೆದುಕೊಂಡವನು ಅಮೀನುದ್ದೀನ. ಇಂಡಿ ಊರಿನವನೇ, ಬಿಜಾಪುರದಲ್ಲಿ ಬಿ.ಎಸ್ಸಿ. ಮುಗಿಸಿದ ಹಂಗಾಮಿ ನೌಕರ. ಮೂರನೆಯ ಪುಟದಲ್ಲಿ ‘ಒಟ್ಟು ಒಂಬತ್ತು ಜಾತಿ’ ಎಂದಿತ್ತು. ಅವನು ಬರೆದು ಕೊಟ್ಟದ್ದು ಇಪ್ಪತ್ತಾರು.

ಅವನು ಕಪಾಟಿನಿಂದ ಕಡತ ತೆಗೆದ. ಬೆರಳುದ್ದದ ಮೀನುಗಳ ಹೆಸರನ್ನೆಲ್ಲ ಹೊಡೆದುಹಾಕಿ ‘ಇತರೆ’ ಎಂದು ಸೇರಿಸಿದ್ದರು. ಅವನು ಕಾಲಿಡದ ಸಿಂದಗಿ ಕಡೆಯ ಹಾಳೆಗಳಲ್ಲೂ ಇವನ ಅಂಕಿಗಳನ್ನೇ ನಕಲು ಮಾಡಿದ್ದರು. ಆಗಸ್ಟಿನಲ್ಲಿ ಹೊಳೆ ತುಂಬಿ ಹರಿದು ದೋಣಿಗಳನ್ನು ಕಟ್ಟಿಹಾಕಿದ್ದ ವಾರದಲ್ಲಿ ಮೂರು ಸಲ ಬಲೆ ಎಳೆದಂತೆ ಬರೆದು, ಕೆಳಗೆ ಅವನದೇ ಸಹಿ ಮಾಡಲಾಗಿತ್ತು. ಆ ಸಹಿ ಅವನು ಮಾಡಿದ್ದಲ್ಲ. ಹಾಳೆಗಳನ್ನು ಎತ್ತಿಕೊಂಡು ಅವನು ಒಳಗೆ ನಡೆದ.

ಮೇಲಧಿಕಾರಿ ಪರಮಾನಂದ ಚಹಾ ಕುಡಿಯುತ್ತಿದ್ದರು. ಹಾಳೆಗಳನ್ನು ಮುಂದಿಟ್ಟರೂ ಅವರು ಮುಖ ಕೆಡಿಸಿಕೊಳ್ಳಲಿಲ್ಲ.

“ಮ್ಯಾಲಿನವರಿಗಿ ಹಾಳಿ ತುಂಬಿದ್ರ ಸಾಕೋ. ಸಣ್ಣ ಮೀನ ಯಾರ ಕೇಳ್ತಾರ? ನೀ ಹಂಗಾಮಿ ಇದ್ದಿ, ಅಷ್ಟ ನೆಪ್ಪಿಟ್ಟುಕೋ.”

ಅಮೀನುದ್ದೀನ ಹಾಳೆಗಳನ್ನು ಬಾಚಿಕೊಂಡು ಹೊರಬಂದ. ಇನ್ನೊಂದು ಗಳಿಗೆ ನಿಂತರೆ ಕೈ ಎತ್ತಿಬಿಡುತ್ತೇನೆಂಬ ಹೆದರಿಕೆ ಅವನಿಗೆ.

ಮರುದಿನ ಹೊಳೆದಂಡೆಗೆ ಹೋಗಿ ಕಸ್ತೂರೆವ್ವನಿಗೆ ಎಲ್ಲವನ್ನೂ ಹೇಳಿದ. ಅಂಬಿಗರ ಮನೆಯ ಆ ಹೆಣ್ಣುಮಗಳು ಐವತ್ತು ದಾಟಿದವಳು. ಬಲೆಯಿಂದ ಸುರಿದ ರಾಶಿಯನ್ನು ಬಗೆಬಗೆಯಾಗಿ ಬೇರ್ಪಡಿಸುವ ಕೆಲಸ ಅವಳದು. ಕಾಲೇಜಿನ ಪುಸ್ತಕದಲ್ಲಿ ಒಂದೇ ಥರ ಕಾಣುವ ಎರಡು ಮೀನುಗಳ ವ್ಯತ್ಯಾಸವನ್ನು ಅವುಗಳ ಮೀಸೆ ಮುಟ್ಟಿ ತೋರಿಸಿಕೊಟ್ಟವಳು ಅವಳೇ. ಒಂಬತ್ತು ಎಂಬುದನ್ನು ಕೇಳಿ ಅವಳು ಮೀನಿನ ಬುಟ್ಟಿಯನ್ನು ಕಾಲಿಂದ ಒದ್ದಳು. ತಾನು ಉಣ್ಣುವ ಮೀನೇ ಹೊಳೆಯಲ್ಲಿ ಇಲ್ಲವೆಂದು ಬರೆದವನು ಒಮ್ಮೆ ತನ್ನೆದುರು ಬಂದು ನಿಲ್ಲಲಿ ಎಂದಳು.

ಅಮೀನುದ್ದೀನ ಬೆಂಗಳೂರಿನ ಮುಖ್ಯ ಕಚೇರಿಗೆ ಮೂರು ಪುಟದ ಪತ್ರ ಬರೆದ. ಎರಡು ತಿಂಗಳು ಪರಮಾನಂದರು ಅವನಿಗೆ ಬರೀ ಲಕೋಟೆ ಅಂಟಿಸುವ ಕೆಲಸ ಕೊಟ್ಟರು. ಜನವರಿಯಲ್ಲಿ ಪತ್ರದ ತನಿಖೆಗೆ ಒಬ್ಬ ವಿಜ್ಞಾನಿ ಬಂದರು. ಕಾರವಾರದ ಸಮುದ್ರದಲ್ಲಿ ಯಂತ್ರದ ದೋಣಿಯ ಹಿಂದೆ ಕಟ್ಟುವ ಟ್ರಾಲ್ ಬಲೆ ಎಳೆದು ಮೀನು ಎಣಿಸುವ ಕೆಲಸದಲ್ಲಿ ಪಳಗಿದವರು. ಮಾತು ಕಡಿಮೆ. ಬಲೆಯ ಕಣ್ಣುಗಳನ್ನು ಅಳತೆಪಟ್ಟಿಯಿಂದ ಅಳೆದರು, ಒಂದೇ ಮಡುವಿನಲ್ಲಿ ಹದಿನೈದು ಹದಿನೈದು ನಿಮಿಷ ಮೂರು ಸಲ ಬಲೆ ಎಳೆಸಿದರು. ಕಸ್ತೂರೆವ್ವ ಬೇರ್ಪಡಿಸಿದ ರಾಶಿಗಳನ್ನು ಕೂತು ಎಣಿಸಿದಾಗ ಹತ್ತೊಂಬತ್ತು ಬಗೆ ಸಿಕ್ಕವು, ಅದೂ ಒಂದೇ ದಿನಕ್ಕೆ.

ಪರಮಾನಂದರ ಮುಖ ಇಳಿಯಿತು. ಆದರೆ ವಿಜ್ಞಾನಿ ತಿರುಗಿದ್ದು ಅಮೀನುದ್ದೀನನ ಕಡೆಗೆ.

“ನಿಮ್ಮ ಮೂಲ ಹಾಳೆಗಳಲ್ಲಿ ಪ್ರತಿ ಸಲವೂ ಹದಿನೈದು ನಿಮಿಷ ಅಂತಿದೆ. ಹೊತ್ತು ಹೆಚ್ಚುಕಡಿಮೆಯಾದರೆ ಒಂದು ದಿನದ ಮೀನನ್ನು ಇನ್ನೊಂದು ದಿನದ್ದಕ್ಕೆ ಹೋಲಿಸಲು ಬರೋದಿಲ್ಲ. ಪ್ರತಿ ಸಲ ಗಡಿಯಾರ ನೋಡಿದ್ದೀರಾ?”

ಹೌದು ಎಂದುಬಿಡಬಹುದಿತ್ತು. ಆದರೆ ಆಗಸ್ಟಿನ ಆ ಕಳ್ಳಸಹಿ ಅವನ ಕಣ್ಣಿಗೆ ಕಟ್ಟಿತು.

“ಇಲ್ರಿ. ಏಪ್ರಿಲ್‌ದಾಗ ನಾಕು ದಿನ ನೋಡಿಲ್ಲ. ಬಿಸಲು ಭಾಳ ಇತ್ತು. ಅಂದಾಜಲೆ ಬರದೇನಿ.”

ಯಾವ ನಾಲ್ಕು ದಿನ ಎಂಬುದು ಅವನಿಗೆ ನೆನಪಿರಲಿಲ್ಲ. ವಿಜ್ಞಾನಿ ಕನ್ನಡಕ ತೆಗೆದು ಒರೆಸಿಕೊಂಡರು. ಸುಳ್ಳು ಯಾವುದು, ನಿಜ ಯಾವುದು ಎಂದು ಆರಿಸಲು ಬರದಿದ್ದರೆ ಇಡೀ ವರ್ಷದ ಲೆಕ್ಕವನ್ನೇ ಬಿಡಬೇಕಾಗುತ್ತದೆ ಎಂದರು. ಬಿಟ್ಟೇಬಿಟ್ಟರು. ಪರಮಾನಂದರಿಗೆ ಆದದ್ದು ಮುದ್ದೇಬಿಹಾಳಕ್ಕೆ ವರ್ಗ, ಅಷ್ಟೇ. ಅದನ್ನು ಕೇಳಿ ಅಮೀನುದ್ದೀನನಿಗೆ ಮತ್ತೆ ಮೈ ಉರಿಯಿತು.

ಅದಕ್ಕಿಂತ ಹೆಚ್ಚು ಉರಿದದ್ದು ಕಸ್ತೂರೆವ್ವನಿಗೆ. ಅವಳ ಸಿಟ್ಟು ಈಗ ಇವನ ಮೇಲೆ.

“ನಾ ಏನ ಅಂದಾಜಲೆ ಮೀನ ಬ್ಯಾರಿ ಮಾಡಿದ್ನೇನು? ನಾಕು ದಿನ ನಿನಗ ಬಿಸಲ ಹತ್ತಿತ್ತು. ನನಗ ಹತ್ತಿರಲಿಲ್ಲೇನು?”

“ತಪ್ಪಾತು, ಯವ್ವಾ,” ಎಂದ.

ಫೆಬ್ರವರಿಯಲ್ಲಿ ಸಮೀಕ್ಷೆ ಮೊದಲಿನಿಂದ ಶುರುವಾಯಿತು. ಒಂದೇ ಅಳತೆಯ ಬಲೆ, ಗುರುತು ಮಾಡಿದ ಮಡುಗಳು, ‘ಇತರೆ’ ಎಂಬ ಅಂಕಣವೇ ಇಲ್ಲದ ಹಾಳೆ. ಬೇರ್ಪಡಿಸಿದವರ ಹೆಬ್ಬೆಟ್ಟೂ ಹಾಳೆಯ ಮೇಲೆ ಇರಬೇಕೆಂದು ಅಮೀನುದ್ದೀನ ಹಟ ಹಿಡಿದಿದ್ದ, ವಿಜ್ಞಾನಿ ಒಪ್ಪಿದ್ದರು. ಕಸ್ತೂರೆವ್ವ ಬಂದಳು, ಆದರೆ ಮೀನಿನ ಹೆಸರು ಹೇಳುವುದನ್ನು ಬಿಟ್ಟರೆ ಅವನೊಡನೆ ಮಾತಿಲ್ಲ.

ಮೊದಲ ದಿನವೇ ಬಲೆ ಬಂಡೆಗೆ ಸಿಕ್ಕಿ ಹನ್ನೊಂದನೆಯ ನಿಮಿಷಕ್ಕೆ ಹೊರಬಂತು. ಒಳ್ಳೆಯ ಮೀನೇ ಬಿದ್ದಿತ್ತು. ಅಮೀನುದ್ದೀನ ಆ ಸಾಲು ಹೊಡೆದುಹಾಕಿ, ಮತ್ತೊಮ್ಮೆ ಎಳೆಯಿರಿ ಎಂದ. ನಡುನೀರಿನಲ್ಲಿ ನಿಂತವರು ಬೈದರು. ಅವನೂ ತಿರುಗಿ ಬೈದ. ಕಸ್ತೂರೆವ್ವ ಎರಡೂ ಕಡೆಯ ಬೈಗಳನ್ನು ಕೇಳಿಸಿಕೊಂಡು, ಸೆರಗು ಸೊಂಟಕ್ಕೆ ಸಿಗಿಸಿ ನೀರಿಗಿಳಿದು ತಾನೂ ಬಲೆಯ ಹಗ್ಗದ ತುದಿ ಹಿಡಿದಳು.