ಡ್ರೈವರ್ ಅಮ್ಮುಣಿ

ತಮಿಳು ಸೀಮೆಯ ಕರುಮತ್ತಂಪಟ್ಟಿಯ ನವನೀತನ್‌ಗೆ ಸೈಕಲ್ ಹುಚ್ಚು ಹಿಡಿದದ್ದು ಫೋನಿನಿಂದ. ಯಾವುದೋ ದೇಶದ ಗಂಡ ಹೆಂಡತಿ ಹಾಸಿಗೆ, ಒಲೆ ಎಲ್ಲ ಇರುವ ವ್ಯಾನೊಂದನ್ನು ದ್ರಾಕ್ಷಿ ತೋಟದ ಪಕ್ಕ ನಿಲ್ಲಿಸಿ, ಸೈಕಲ್ ಏರಿ ವೈನ್ ಮಾಡುವ ಊರುಗಳನ್ನೆಲ್ಲ ಸುತ್ತುವುದನ್ನು ಅವನು ನೋಡಿದ್ದ. ನಮ್ಮ ಕಡೆ ವೈನ್ ಇಲ್ಲದಿದ್ದರೇನು, ತೊಂಡಾಮುತ್ತೂರಿನಿಂದ ಬೆಟ್ಟದ ಬುಡದವರೆಗೂ ದ್ರಾಕ್ಷಿ ಚಪ್ಪರವೇ ಇದೆಯಲ್ಲ, ನಾವಿಬ್ಬರೂ ಹಾಗೇ ಹೋಗೋಣ ಎಂದು ಹೆಂಡತಿ ಕಾರ್ತಿಕಾಳ ಬೆನ್ನು ಹತ್ತಿದ. ತಮ್ಮ ಶೆಡ್ಡಿನ ಮಗ್ಗಗಳ ಸದ್ದಿನ ನಡುವೆಯೂ ‘ನಾವಿಬ್ಬರೂ’ ಎಂಬ ಮಾತು ಅವಳ ಕಿವಿಗೆ ಸರಿಯಾಗಿಯೇ ಬಿದ್ದಿತ್ತು.

ವ್ಯಾನ್ ಮನೆಯದೇ. ನೂಲು ಸುತ್ತಿದ ಪಾವಿನ ಉರುಳೆಗಳನ್ನು ಮಗ್ಗದ ಶೆಡ್ಡಿಗೆ ಸಾಗಿಸಲು ಇಟ್ಟುಕೊಂಡಿದ್ದ ಹಳೆಯ ಗಾಡಿ; ಓಡಿಸುತ್ತಿದ್ದವಳು ಕಾರ್ತಿಕಾ. ನವನೀತನ್‌ಗೆ ನಾಲ್ಕು ಚಕ್ರದ ಗಾಡಿಯೆಂದರೆ ಭಯ, ಕಲಿಯಲೇ ಇಲ್ಲ. ಅದರೊಳಗೆ ಮಂಚ ಕೂರಿಸಿ, ಗ್ಯಾಸ್ ಒಲೆ ಇಟ್ಟು, ಹಿಂಬದಿಗೆ ಎರಡು ಸೈಕಲ್ ಕಟ್ಟಿಕೊಂಡು ಇಬ್ಬರೂ ಹೊರಟರು.

ಪೇರೂರು ದಾಟಿದ ಮೇಲೆ ಒಂದು ಸೈಕಲ್ ಕೆಳಗಿಳಿಯಿತು. ಇನ್ನೊಂದು ಇಳಿಯಲಿಲ್ಲ. ಬೆಳಗಾದರೆ ಅವನು ಟೋಪಿ ಹಾಕಿಕೊಂಡು ಹೊರಡುವನು. ಅವಳು ಹಾಸಿಗೆ ಮಡಚಿ, ಅವನ ಬೆವರಿನ ಅಂಗಿ ಒಗೆದು, ಕೊಡಕ್ಕೆ ನೀರು ತುಂಬಿ, ವ್ಯಾನ್ ಓಡಿಸಿಕೊಂಡು ಅವನಿಗಿಂತ ಮೊದಲೇ ಮುಂದಿನ ಊರು ಸೇರಿ, ನೆರಳು ಹುಡುಕಿ ನಿಲ್ಲಿಸಿ ಅಡುಗೆಗೆ ಇಡಬೇಕು. ನಾನು ಯಾವಾಗ ಸೈಕಲ್ ಹತ್ತುವುದು ಎಂದು ಕೇಳಿದರೆ ನಾಳೆ ಎನ್ನುವನು. ಆ ನಾಳೆ ಬಂದಾಗ, ಹಾಗಾದರೆ ವ್ಯಾನ್ ಯಾರು ತರುತ್ತಾರೆ ಎಂದು ಅವಳನ್ನೇ ಕೇಳುವನು. ಕಾದ ತಗಡಿನ ಒಳಗೆ ಕೂತು ಈರುಳ್ಳಿ ಹೆಚ್ಚುತ್ತ ಕಾರ್ತಿಕಾ ಯೋಚಿಸಿದಳು: ಮನೆಯಲ್ಲೂ ಇದೇ ಕೆಲಸ, ಅಲ್ಲಿ ತಲೆಯ ಮೇಲೆ ಫ್ಯಾನಾದರೂ ಇತ್ತು.

ನರಸೀಪುರದ ಹತ್ತಿರ ರಾಮಾತಾಳ್ ಎಂಬ ಹಿರಿಯ ಹೆಂಗಸಿನ ತೋಟದಲ್ಲಿ ನಿಲ್ಲಲು ಜಾಗ ಸಿಕ್ಕಿತು. ಚಪ್ಪರದ ತುಂಬ ಪನ್ನೀರು ದ್ರಾಕ್ಷಿ ಕಪ್ಪಗೆ ತೂಗುತ್ತಿತ್ತು. ಕೇರಳದ ಲಾರಿಗೆಂದು ಆಗಲೇ ಕೊಯ್ಲು ನಡೆದಿತ್ತು. ಕಾರ್ತಿಕಾ ವ್ಯಾನಿನ ಹಿಂದೆ ಒಲೆ ಹಚ್ಚಿ ಅನ್ನಕ್ಕಿಟ್ಟಳು. ನವನೀತನ್ ಬಂದು ಸೈಕಲ್ ನಿಲ್ಲಿಸಿ, ಚಪ್ಪರದ ಕೆಳಗೆ ಫೋನ್ ಎತ್ತಿ ಹಿಡಿದು ತಮಿಳಿನಲ್ಲಿ ಮಾತು ಶುರು ಮಾಡಿದ. ಊರಿನಿಂದ ಇಲ್ಲಿಯವರೆಗೆ ಒಬ್ಬನೇ ಸೈಕಲ್ ತುಳಿದು ಬಂದಿದ್ದಾನಂತೆ. ಜೊತೆಗೆ ಯಾರೂ ಇಲ್ಲವಂತೆ, ರಸ್ತೆ ಮತ್ತು ಅವನು, ಅಷ್ಟೇ ಅಂತೆ. ಅವಳ ಕೈಯ ಸೌಟು ಹಾಗೇ ನಿಂತಿತು.

ಅಷ್ಟರಲ್ಲಿ ರಾಮಾತಾಳ್ ತಟ್ಟೆಯಲ್ಲಿ ದ್ರಾಕ್ಷಿ ತಂದು ಅವನ ಮುಂದಿಟ್ಟರು. ಪಾಪ, ನಿಮ್ಮ ಡ್ರೈವರ್ ಅಮ್ಮುಣಿಗೂ ಒಂದು ಗೊಂಚಲು ಕೊಡಲೇ ಎಂದು, ಹೆಣ್ಣುಮಕ್ಕಳನ್ನು ಆ ಕಡೆ ಅಕ್ಕರೆಯಿಂದ ಕರೆಯುವ ಹಾಗೆ, ಅವರೂ ತಮಿಳಿನಲ್ಲೇ ಕೇಳಿದರು. ನವನೀತನ್ ಒಮ್ಮೆ ವ್ಯಾನಿನ ಕಡೆ ನೋಡಿದ. ನಕ್ಕ. ಕೊಡಿ, ಕೊಡಿ ಎಂದ.

ಕಾರ್ತಿಕಾ ಒಲೆ ಆರಿಸಿದಳು. ಹತ್ತಿರ ಬಂದು, ಗಂಡನನ್ನು ಮನೆಯ ಮಾತಾದ ಕನ್ನಡದಲ್ಲೇ ಕೇಳಿದಳು.

“ನಾನ್ ಯಾರು, ಮಾಮಾ?”

ಅವನು ಫೋನ್ ಇಳಿಸಿದ. “ಸುಮ್ಮಾ ವಿಡಿಯೋಗೋಸ್ಕರ ಹೇಳ್ದೆ. ಹಿಂದೆ ವ್ಯಾನ್ ಬತ್ತದೆ ಅಂದ್ರೆ ಯಾರು ನೋಡ್ತಾರೆ?”

ರಾಮಾತಾಳ್ ಮುಖ ಸಣ್ಣದಾಯಿತು. ಅವರದೂ ತಲೆಮಾರುಗಳಿಂದ ಇಲ್ಲೇ ಬೇರೂರಿದ ಕನ್ನಡದ ಒಕ್ಕಲು ಮನೆ, ಆಡಿದ್ದೆಲ್ಲ ಅರ್ಥವಾಗಿತ್ತು. “ತಪ್ಪಾಯ್ತು ಅಮ್ಮುಣಿ. ನಂಗೆ ಗೊತ್ತಾಗ್ಲಿಲ್ಲ” ಎಂದರು. ತಪ್ಪು ನಿಮ್ಮದಲ್ಲ ಎಂದು ಕಾರ್ತಿಕಾ ಅವರಿಗೆ ಹೇಳಿದಳು. ವ್ಯಾನಿಗೆ ಬೀಗ ಹಾಕಿದಳು. ಹಿಂದಿದ್ದ ಸೈಕಲ್ಲಿನ ಹಗ್ಗದ ಗಂಟು ಬಿಚ್ಚಲು ಬರಲಿಲ್ಲ. ತರಕಾರಿ ಚಾಕುವಿನಿಂದ ಕುಯ್ದಳು. ದುಪಟ್ಟಾ ಸೊಂಟಕ್ಕೆ ಬಿಗಿದು ಏರಿ ಹೊರಟೇಬಿಟ್ಟಳು.

ಸೈಕಲ್ ತುಳಿದು ಎಷ್ಟೋ ವರ್ಷವಾಗಿತ್ತು. ಹಿಂದಿನ ಟಯರಿನಲ್ಲಿ ಗಾಳಿ ಕಡಿಮೆ, ಮೊಣಕಾಲು ನೋವು. ಆದರೂ ನಿಲ್ಲಿಸಲಿಲ್ಲ. ಡ್ರೈವರ್ ಅಂದದ್ದಕ್ಕೆ ಅವಳಿಗೆ ಸಿಟ್ಟಿರಲಿಲ್ಲ. ಗಾಡಿ ಓಡಿಸುವುದು ಅವಳ ಹೆಮ್ಮೆ. ನನ್ನ ಹೆಂಡತಿ ಎಂಬ ಒಂದು ಮಾತು ಆ ಬಾಯಿಗೆ ಅಷ್ಟು ಭಾರವಾಯಿತೇ? ಈ ಎಲ್ಲ ದಿನ ಉಂಡ ಅನ್ನ ರಸ್ತೆ ಬೇಯಿಸಿ ಹಾಕಿತೇ? ಬಾಯಿಬಿಟ್ಟೇ ಬೈಯುತ್ತ ತುಳಿದಳು. ಎದುರು ಬಂದ ಮೇಕೆ ಕಾಯುವವನು ದಾರಿ ಬಿಟ್ಟು ನಿಂತ.

ಕಾಲುವೆಯ ಕಟ್ಟೆಯ ಮೇಲೆ ಕೂತು ಮುಖ ತೊಳೆಯುತ್ತಿದ್ದಾಗ ನವನೀತನ್ ಏದುಸಿರು ಬಿಡುತ್ತ ಬಂದ. ಅನ್ನ ಅರೆಬೆಂದಿದೆ, ವ್ಯಾನಿಗೆ ಬೀಗ, ಜನರೆದುರು ನನ್ನ ಮರ್ಯಾದೆ ಕಳೆದೆ ಎಂದು ಒಂದೇ ಸಮನೆ ಹೇಳಿದ. ಅವಳು ಮುಖಕ್ಕೆ ಇನ್ನೊಂದು ಬೊಗಸೆ ನೀರು ಹಾಕಿಕೊಂಡಳು.

“ಡ್ರೈವರ್ ಅಂತ ಆಯಮ್ಮನೇ ಅಂದ್ಕೊಂಡದ್ದು. ನಾನೇನ್ ಹೇಳ್ಲಿಲ್ಲ” ಎಂದ ಕೊನೆಗೆ.

“ಇಲ್ಲ ಅಂತಾನೂ ಹೇಳ್ಲಿಲ್ಲ.”

ಹೋಗಿ ಆ ಅಮ್ಮನ ಮುಂದೆ ನಿಂತು ನಾನು ಯಾರೆಂದು ಹೇಳುವವರೆಗೂ ಬೀಗದ ಕೈ ಸಿಗುವುದಿಲ್ಲ ಎಂದು ಹೇಳಿ ಕಾರ್ತಿಕಾ ಮತ್ತೆ ಸೈಕಲ್ ಹತ್ತಿದಳು. ತೋಟದ ಕಡೆಗಲ್ಲ, ಬೆಟ್ಟದ ಕಡೆಗೆ. ಅವನು ಹಸಿದ ಹೊಟ್ಟೆಯಲ್ಲಿ ಹಿಂದೆ ಹಿಂದೆಯೇ ಬಂದ.

ಸಂಜೆ ತೋಟಕ್ಕೆ ಮರಳಿದಾಗ ರಾಮಾತಾಳ್ ಬುಟ್ಟಿ ತುಂಬುತ್ತಿದ್ದರು. ನವನೀತನ್ ನೆಲ ನೋಡುತ್ತ, ಇವಳು ನನ್ನ ಹೆಂಡತಿ, ವ್ಯಾನ್ ತಂದದ್ದು ಇವಳೇ, ನನಗೆ ಓಡಿಸಲು ಬರುವುದಿಲ್ಲ ಎಂದ.

“ಇಷ್ಟ್ ಹೇಳೋಕೆ ಸಂಜೆ ಆಯ್ತಾ ನಿಂಗೆ?” ಎಂದು ಕೇಳಿ ಅವರು ಮತ್ತೆ ಬುಟ್ಟಿಗೆ ಕೈ ಹಾಕಿದರು.

ಉಳಿದ ದಿನಗಳಲ್ಲಿ ವ್ಯಾನ್ ಆ ತೋಟದ ಅಂಗಳ ಬಿಟ್ಟು ಕದಲಲಿಲ್ಲ. ಇಬ್ಬರೂ ಬೆಳಿಗ್ಗೆ ಸೈಕಲ್ ಏರಿ ಸುತ್ತಿ ಬಂದರು. ಅನ್ನಕ್ಕಿಡುವುದನ್ನು ಅವನೂ ಕಲಿತ. ಕಾರ್ತಿಕಾ ದ್ರಾಕ್ಷಿ ತಿಂದಳು, ನಕ್ಕಳು ಕೂಡ. ಆದರೆ ಅವನು ಫೋನ್ ಎತ್ತಿದಾಗಲೆಲ್ಲ ಅವಳ ಮುಖ ಬಿಗಿಯುತ್ತಿತ್ತು.

ವಾಪಸ್ ಬರುವಾಗ ಅವನು ಅವಳ ಪಕ್ಕದ ಸೀಟಿನಲ್ಲಿ ಕೂತಿದ್ದ. ಊರು ಹತ್ತಿರವಾದಂತೆ ಚಡಪಡಿಸಿದ. ಸೇತುವೆ ಹತ್ತಿರ ಒಂದು ನಿಮಿಷ ನಿಲ್ಲಿಸು, ಸೈಕಲ್ ಇಳಿಸಿಕೊಳ್ಳುತ್ತೇನೆ, ವಿಡಿಯೋ ನೋಡಿದ ಬೀದಿಯವರೆಲ್ಲ ಕಾಯುತ್ತಿರುತ್ತಾರೆ ಎಂದ.

ಕಾರ್ತಿಕಾ ಗೇರ್ ಬದಲಿಸಿದಳು. ಸೇತುವೆ ದಾಟಿ, ಟೀ ಅಂಗಡಿಯ ಜನರೆಲ್ಲ ಎದ್ದು ನೋಡುತ್ತಿರುವಂತೆಯೇ ಹಾರ್ನ್ ಒತ್ತುತ್ತ, ವ್ಯಾನನ್ನು ನೇರ ಮನೆಯ ಬಾಗಿಲಿಗೆ ತಂದು ನಿಲ್ಲಿಸಿದಳು.