ಇಲ್ಲದ ವಾರೆನ್ ಟಿಲ್ಲಿ

ಉಮಾಪತಿಗೆ ಯಾರನ್ನೂ ಪೂರ್ತಿ ನಂಬಿ ಅಭ್ಯಾಸವಿರಲಿಲ್ಲ. ಕಾರಿಗೆ ಬೀಗ ಹಾಕಿ ಹತ್ತು ಹೆಜ್ಜೆ ಹೋದವನು ವಾಪಸು ಬಂದು ಹಿಡಿಕೆ ಎಳೆದು ನೋಡುತ್ತಿದ್ದ. ಪಕ್ಕದ ಮೇಜಿನವರು ನಕ್ಕರೆ ತನ್ನ ಅಂಗಿಯ ಗುಂಡಿ ಮುಟ್ಟಿಕೊಳ್ಳುತ್ತಿದ್ದ. ಅದಕ್ಕೆ ಕಾರಣವೂ ಇತ್ತೆನ್ನಿ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುವಾಗ ಅವನೇ ಒಂದು ಆರ್ಕೆಸ್ಟ್ರಾ ಕಟ್ಟಿದ್ದ. ಒಂದು ದಿನ ಅಭ್ಯಾಸಕ್ಕೆಂದು ಹೋದರೆ ಕೋಣೆ ಖಾಲಿ. ಉಳಿದ ಐವರೂ ಬೇರೆ ಹಾಡುಗಾರನನ್ನು ಕರೆದುಕೊಂಡು ಬೆಂಗಳೂರಿನ ಟೀವಿ ಚಾನೆಲ್ಲಿಗೆ ಹೋಗಿದ್ದರು. ಹಿಂದಿನ ಸಂಜೆ ಅವರ ಜೊತೆಯಲ್ಲೇ ಕೂತು ದೋಸೆ ತಿಂದಿದ್ದ; ಒಬ್ಬನ ಮುಖದಲ್ಲೂ ಸುಳಿವಿರಲಿಲ್ಲ. ಸುಳಿವೇ ಇಲ್ಲದ ಮುಖವೆಂದರೆ ಅವನಿಗೆ ಅಂದಿನಿಂದ ಭಯ.

ಆಸ್ಟ್ರೇಲಿಯಾದ ಅಡಿಲೇಡಿಗೆ ಬಂದು ಮಾಸನ್ ಲೇಕ್ಸ್ ಬಡಾವಣೆಯ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಸೇರಿ ನಾಲ್ಕು ವರ್ಷವಾದ ಮೇಲೆ, 2011ರಲ್ಲಿ, ಅವನು ಮತ್ತೆ ಬ್ಯಾಂಡ್ ಕಟ್ಟಿದ. ಅವನಿಗೆ ಹಿಡಿಸಿದ್ದು ಆಲ್ಟ್ ಕಂಟ್ರಿ. ಕಂಟ್ರಿ ಸಂಗೀತವೇ, ಆದರೆ ದೊಡ್ಡ ಟೋಪಿ, ಮಿಣಮಿಣ ಅಂಗಿಗಳ ಡೌಲಿಲ್ಲದ್ದು. ಒರಟು ದನಿ, ದೂರದ ರಸ್ತೆ, ಕೆಟ್ಟುಹೋದ ಸಂಸಾರ. ಹಾಡು ಇಂಗ್ಲಿಷಿನಲ್ಲಿ, ನಡುನಡುವೆ ಕನ್ನಡದ ಒಂದೆರಡು ಸಾಲು. ಉಮಾಪತಿ ಹಾಡುತ್ತ ಗಿಟಾರ್ ಬಾರಿಸುತ್ತಿದ್ದ. ಬೇಸ್ ಗಿಟಾರಿಗೆ ದಾವಣಗೆರೆಯ ಸಿವಿಲ್ ಎಂಜಿನಿಯರ್ ಹಾಲಪ್ಪ. ಬ್ಲೇರ್ ಅಥಾಲ್ ಬಡಾವಣೆಯಲ್ಲಿದ್ದ ಅವನ ಮನೆಯ ಗ್ಯಾರೇಜೇ ಅಭ್ಯಾಸದ ಜಾಗ. ಡ್ರಮ್ ಬಾರಿಸಲು ಡೀನ್, ಅಲ್ಲೇ ಹತ್ತಿರ ಸರ್ವೋ, ಅಂದರೆ ಪೆಟ್ರೋಲ್ ಬಂಕ್, ನಡೆಸುತ್ತಿದ್ದ ಆಸ್ಟ್ರೇಲಿಯನ್. ಪಿಟೀಲಿಗೆ ಜ್ಯೋತ್ಸ್ನಾ. ಅವಳು ಮಕ್ಕಳ ಡಾಕ್ಟರು, ಮೈಸೂರಿನಲ್ಲಿ ಹದಿನಾಲ್ಕು ವರ್ಷ ಪಿಟೀಲು ಕಲಿತವಳು.

ಆಫೀಸಿಗೆ ಹೋಗುವ ರೈಲು ದಾರಿಯಲ್ಲಿ ಡ್ರೈ ಕ್ರೀಕ್ ಎಂಬ ಸ್ಟೇಷನ್ ಇತ್ತು. ಅದನ್ನೇ ಕನ್ನಡ ಮಾಡಿ ಉಮಾಪತಿ ಬ್ಯಾಂಡಿಗೆ 'ಒಣಹಳ್ಳ' ಎಂದು ಹೆಸರಿಟ್ಟ.

"ನಮ್ ಕಡಿ ಈ ಹೆಸರಿನ ಊರು ಹತ್ತು ಸಿಗ್ತಾವು ಉಮಣ್ಣ. ಒಂದ್ರಾಗೂ ಬಸ್ ನಿಲ್ಲಂಗಿಲ್ಲ," ಎಂದು ಹಾಲಪ್ಪ ನಕ್ಕ.

ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಮೊದಲ ಸಲ ಬಾರಿಸಿದಾಗ ಹಿರಿಯರೊಬ್ಬರು ಎದ್ದುನಿಂತು, "ಒಂದಾದ್ರೂ ಭಾವಗೀತೆ ಹಾಡ್ರಪ್ಪ," ಎಂದರು. ಪಬ್ಬುಗಳಲ್ಲಿ ಹಾಗಾಗಲಿಲ್ಲ. ಕಂಟ್ರಿಯ ಹಳೆಯ ದುಃಖಕ್ಕೆ ಜ್ಯೋತ್ಸ್ನಾಳ ಗಮಕ ಬೆರೆತಾಗ, ಬಿಯರ್ ಹಿಡಿದವರು ಮಾತು ನಿಲ್ಲಿಸಿ ಕತ್ತು ತಿರುಗಿಸುತ್ತಿದ್ದರು. ಸಮುದಾಯ ರೇಡಿಯೋದವರು ಅವರ ಹಾಡನ್ನು ದಿನಕ್ಕೆರಡು ಸಲ ಹಾಕತೊಡಗಿದರು. 2013ರಲ್ಲಿ ಆಲ್ಬಂ ಬಂತು. ಮರುವರ್ಷ ಇಪ್ಸ್‌ವಿಚ್‌ನಲ್ಲಿ ಒಂದು ಕಾರ್ಯಕ್ರಮ, ಅದರ ಮಾರನೆಯ ದಿನವೇ ಬ್ರಿಸ್ಬೇನಿನ ದೊಡ್ಡ ಸಂಗೀತೋತ್ಸವ. ನದಿಯ ದಂಡೆಯಲ್ಲಿ ಮೂರು ಸಾವಿರ ಜನ ಒಣಹಳ್ಳವನ್ನು ಕೇಳಿ ಎದ್ದುನಿಂತು ಚಪ್ಪಾಳೆ ತಟ್ಟಿದರು.

ಉಮಾಪತಿ ಆ ಚಪ್ಪಾಳೆಯನ್ನು ಪೂರ್ತಿ ಅನುಭವಿಸಲಿಲ್ಲ. ವೇದಿಕೆಯ ಹಿಂದೆ ಲಿನನ್ ಕೋಟಿನ ಒಬ್ಬಾತ ಜ್ಯೋತ್ಸ್ನಾಳೊಡನೆ ಕಾಲು ಗಂಟೆ ಮಾತಾಡಿದ್ದನ್ನು ಅವನು ನೋಡಿದ್ದ. ರೆಕಾರ್ಡ್ ಕಂಪನಿಯ ಮನುಷ್ಯನೆಂದು ಡೀನ್ ಹೇಳಿದ. ಆತ ಕೊಟ್ಟ ಕಾರ್ಡನ್ನು ಅವಳು ಪಿಟೀಲಿನ ಪೆಟ್ಟಿಗೆಯೊಳಗೆ ಇಟ್ಟುಕೊಂಡಳು.

"ಏನಂತೆ ಅವ್ರದು?" ಎಂದು ಉಮಾಪತಿ ಕೇಳಿದ.

"ಏನಿಲ್ಲ, ಸುಮ್ನೆ," ಎಂದಳು. ಮುಖದಲ್ಲಿ ಸುಳಿವೇ ಇರಲಿಲ್ಲ.

ಆ ವಾರ ಪತ್ರಿಕೆಯೊಂದು ಬರೆಯಿತು: ಒಣಹಳ್ಳದ ನಿಜವಾದ ದನಿ ಪಿಟೀಲಿನದು, ಹಾಡುಗಾರ ಅದಕ್ಕೆ ಅಡ್ಡ ಬರುವುದಿಲ್ಲ ಎಂಬುದೇ ಅವನ ಹೆಚ್ಚುಗಾರಿಕೆ. ಉಮಾಪತಿ ಅದನ್ನು ಐದು ಸಲ ಓದಿದ. ಹೆಂಡತಿ ಪದ್ಮಾ, "ಹೊಗಳಿದ್ದಾರಲ್ಲ, ಬಿಡಿ," ಎಂದಳು. ಅವನು ಬಿಡಲಿಲ್ಲ.

ಒಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಆಫೀಸಿನ ಹೊರಗೆ ಕೆರೆಯ ಪಕ್ಕದ ಬೆಂಚಿನ ಮೇಲೆ ಕೂತು ಅವನು ಹೊಸದೊಂದು ಈಮೇಲ್ ವಿಳಾಸ ಮಾಡಿಕೊಂಡ. ಹೆಸರು ವಾರೆನ್ ಟಿಲ್ಲಿ. ಊರು ಪರ್ತ್, ಅಷ್ಟು ದೂರಕ್ಕೆ ಯಾರೂ ಹೋಗಿ ನೋಡುವುದಿಲ್ಲವೆಂಬ ಧೈರ್ಯ. ಕೆಲಸ, ಧ್ವನಿಮುದ್ರಣ. ಜ್ಯೋತ್ಸ್ನಾಳಿಗೆ ನಾಲ್ಕು ಸಾಲು ಬರೆದ: ಬ್ರಿಸ್ಬೇನಿನಲ್ಲಿ ನಿಮ್ಮನ್ನು ಕೇಳಿದೆ, ನಿಮ್ಮೊಬ್ಬರದೇ ಆಲ್ಬಂ ಮಾಡುವ ಆಸೆಯಿದೆ, ಏನನ್ನುತ್ತೀರಿ?

ಒಂಬತ್ತು ದಿನ ಉತ್ತರ ಬರಲಿಲ್ಲ. ಆ ನಡುವೆ ಎರಡು ಅಭ್ಯಾಸ ನಡೆದವು. ಜ್ಯೋತ್ಸ್ನಾ ಎಂದಿನಂತೆ ಬಂದಳು, ಡಬ್ಬಿಯಲ್ಲಿ ಚಿತ್ರಾನ್ನ ತಂದಳು, ಡೀನ್‌ಗೆ ಖಾರವಾದಾಗ ನಗಾಡಿದಳು. ಪತ್ರದ ಸುದ್ದಿಯನ್ನೇ ಎತ್ತಲಿಲ್ಲ. ಅವಳು ಎಂದಿನಂತಿದ್ದದ್ದೇ ಉಮಾಪತಿಯ ಅನುಮಾನವನ್ನು ಹೆಚ್ಚಿಸಿತು.

ಹತ್ತನೆಯ ದಿನ ಉತ್ತರ ಬಂತು. 'ವಂದನೆಗಳು. ಆಸ್ಪತ್ರೆಯ ಕೆಲಸದಲ್ಲಿ ತಡವಾಯಿತು, ಕ್ಷಮಿಸಿ. ನಾನು ಒಂದು ಬ್ಯಾಂಡಿನಲ್ಲಿದ್ದೇನೆ. ಏನಿದ್ದರೂ ಉಮಾಪತಿಯವರನ್ನು ಕೇಳಿ.'

ಅಲ್ಲಿಗೆ ಮುಗಿಯಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ನಾಚಿ, ಆ ವಿಳಾಸವನ್ನು ಅಳಿಸಿ, ಮುಂದಿನ ಅಭ್ಯಾಸಕ್ಕೆ ಒಂದು ಕೆ.ಜಿ. ಮೈಸೂರು ಪಾಕ್ ಒಯ್ಯುತ್ತಿದ್ದರು. ಉಮಾಪತಿ ಒಂದು ದಿನ ಹಗುರಾಗಿದ್ದ. ಮರುದಿನ ಅವನಿಗೆ ಹೊಳೆಯಿತು: ಬುದ್ಧಿವಂತೆ, ವಾಸನೆ ಹಿಡಿದುಬಿಟ್ಟಿದ್ದಾಳೆ. ಇಲ್ಲವಾದರೆ ಇಷ್ಟು ಒಳ್ಳೆಯ ಉತ್ತರವನ್ನು ಯಾರು ಬರೆಯುತ್ತಾರೆ?

ಮತ್ತೆ ಬರೆದ. ಬ್ಯಾಂಡ್ ಇರಲಿ, ನಿಮ್ಮ ಸ್ವಂತ ಹಾಡುಗಳಿಲ್ಲವೇ ಎಂದು ಕೇಳಿದ. ನಿಮ್ಮ ಹೆಸರನ್ನು ಹುಡುಕಿದೆ, ಎಲ್ಲೂ ಏನೂ ಸಿಗಲಿಲ್ಲವಲ್ಲ ಎಂದು ಅವಳು ಬರೆದಳು. ಬೇಕಾದವರಿಗೆ ಸಿಗುತ್ತೇನೆ ಎಂದು ವಾರೆನ್ ಟಿಲ್ಲಿ ಉತ್ತರಿಸಿದ. ಅವಳಿಗೆ ಆ ಒಣ ಹಾಸ್ಯ ಹಿಡಿಸಿತೋ ಏನೋ, ಪತ್ರಗಳು ಉದ್ದವಾದವು. ಆಸ್ಪತ್ರೆಯ ಕಾರ್ ಪಾರ್ಕಿನಲ್ಲಿ ಕೂತು ಹಾಡು ಕಟ್ಟುತ್ತೇನೆ ಎಂದು ಬರೆದಳು. ನಾನೂ ಹಾಡಬಲ್ಲೆ, ಆದರೆ ಅದನ್ನು ನಮ್ಮ ಬ್ಯಾಂಡಿನಲ್ಲಿ ಯಾರೂ ಕೇಳಿಲ್ಲ ಎಂದು ಬರೆದಳು. ಆಮೇಲೊಮ್ಮೆ: 'ಉಮಾಪತಿ ಕೆಟ್ಟವರಲ್ಲ. ನನ್ನ ಪಿಟೀಲು ಎಂಟು ಸುತ್ತು ದಾಟಿದರೆ ಗಿಟಾರಿನ ಕತ್ತು ಎತ್ತಿ ಸಾಕೆಂದು ಸನ್ನೆ ಮಾಡುತ್ತಾರೆ. ಅವರಿಗೆ ಏನೋ ಹೆದರಿಕೆ. ಯಾವುದಕ್ಕೆ ಅಂತ ಗೊತ್ತಿಲ್ಲ.'

ಅದನ್ನೋದಿ ಅವನ ಕಿವಿ ಬಿಸಿಯಾಯಿತು. ಮುಂದಿನ ಅಭ್ಯಾಸದಲ್ಲಿ ಎಂಟು ಸುತ್ತನ್ನು ಆರಕ್ಕೆ ಇಳಿಸಿದ. ಹಾಲಪ್ಪ ಕಣ್ಣರಳಿಸಿ ನೋಡಿದ. ಜ್ಯೋತ್ಸ್ನಾ ತಲೆಯಾಡಿಸಿ, "ಆಯ್ತು," ಎಂದಳು.

ಹೀಗೆ ವರ್ಷ ಕಳೆಯಿತು. ಒಂದು ದಿನ ಅವಳು ಟಿಲ್ಲಿಗೆ ಒಂದು ಹಾಡು ಕಳಿಸಿದಳು, ಫೋನಿನಲ್ಲಿ ಹಿಡಿದದ್ದು. ಪಿಟೀಲನ್ನು ಬೆರಳಲ್ಲಿ ಮೀಟುತ್ತ ಅವಳೇ ಹಾಡಿದ್ದಳು. ಉಮಾಪತಿ ಕಾರಿನಲ್ಲಿ ಕಿಟಕಿ ಏರಿಸಿಕೊಂಡು ಕೇಳಿದ. ಮುಗಿದಾಗ ಮತ್ತೆ ಹಾಕಿದ. ಅಂಥ ಹಾಡು ತನ್ನಿಂದ ಈ ಜನ್ಮದಲ್ಲಿ ಹುಟ್ಟದು ಎಂದು ಅವನಿಗೆ ಗೊತ್ತಾಯಿತು. ಒಣಹಳ್ಳ ಇದನ್ನು ಬಾರಿಸಬೇಕು ಎನ್ನಿಸಿತು. ಆದರೆ ಕೇಳುವುದು ಹೇಗೆ? ಈ ಹಾಡನ್ನು ಕೇಳಿದವನು ಉಮಾಪತಿಯಲ್ಲ, ಟಿಲ್ಲಿ. ಅವಳ ಪತ್ರಗಳಿಗೆ ಅವನು ಈಗ ಕಾಯತೊಡಗಿದ್ದ. ಟಿಲ್ಲಿಗೆ ಅವಳು ತೋರಿಸುವ ಸಲಿಗೆ ಕಂಡು ಆ ಇಲ್ಲದ ಮನುಷ್ಯನ ಮೇಲೇ ಅವನಿಗೆ ಹೊಟ್ಟೆಕಿಚ್ಚು.

2015ರ ಮೇ ತಿಂಗಳಲ್ಲಿ ಪರ್ತ್‌ನಿಂದಲೇ ಕರೆ ಬಂತು, ಅಲ್ಲಿನ ಫ್ರೀಮ್ಯಾಂಟಲ್ ಬಂದರಿನ ಪಬ್ಬೊಂದರಲ್ಲಿ ಎರಡು ಸಂಜೆಯ ಕಾರ್ಯಕ್ರಮ. ದೂರವಾಯಿತು, ಬೇಡ ಎಂದು ಉಮಾಪತಿ ಎಳೆದಾಡಿದ. ಉಳಿದ ಮೂವರೂ ಹೋಗೋಣವೆಂದರು. ಆ ದಿನಗಳಲ್ಲಿ ನಾನು ಮೆಲ್ಬರ್ನಿನಲ್ಲಿರುತ್ತೇನೆ ಎಂದು ವಾರೆನ್ ಟಿಲ್ಲಿ ಮುಂಚಿತವಾಗಿಯೇ ಬರೆದು ಕೈತೊಳೆದುಕೊಂಡ.

ಮೊದಲ ಸಂಜೆ ಎಲ್ಲ ಚೆನ್ನಾಗಿ ನಡೆಯಿತು. ಎರಡನೆಯ ದಿನ ಬೆಳಿಗ್ಗೆ ಉಮಾಪತಿ ಮೋಟೆಲಿನ ಅಂಗಳದಲ್ಲಿ ಗಿಟಾರಿಗೆ ಹೊಸ ತಂತಿ ಹಾಕುತ್ತ ಕೂತಿದ್ದ. ಬಿಸಿಲು ಹಿತವಾಗಿತ್ತು. ತಂತಿ ಬಿಗಿಯುತ್ತ, ತನಗರಿವಿಲ್ಲದೆ, ಒಂದು ರಾಗವನ್ನು ಗುನುಗಿದ. ಜ್ಯೋತ್ಸ್ನಾ ಅವನ ಹಿಂದಿನಿಂದ ಹಾದು ತಿಂಡಿಯ ಕೋಣೆಗೆ ಹೊರಟವಳು ನಿಂತಳು. ಅವನು ತಿರುಗಿ ನೋಡುವಷ್ಟರಲ್ಲಿ ಒಳಗೆ ಹೋಗಿದ್ದಳು.

ಅವನು ಹೋಗಿ ಎದುರು ಕೂತಾಗ ಅವಳು ಫೋನಿನಲ್ಲಿ ಏನೋ ಒತ್ತುತ್ತಿದ್ದಳು. ಮೇಜಿನ ಕೆಳಗೆ ಅವನ ಫೋನು ನಡುಗಿತು. ಟಿಲ್ಲಿಗೆ ಪತ್ರ: 'ಈಗ ಎರಡು ನಿಮಿಷ ಮಾತಾಡಬಹುದೇ? ತುರ್ತಾಗಿದೆ.' ಅವನು ತೊಡೆಯ ಮೇಲಿಟ್ಟುಕೊಂಡೇ ಬರೆದ: 'ವಿಮಾನ ಹತ್ತುತ್ತಿದ್ದೇನೆ, ನಾಳೆ.' ಅವಳ ಫೋನು ಟಿಂಗ್ ಎಂದಿತು. ಅವಳು ಓದಿದಳು, ಮತ್ತೆ ಬರೆದಳು. ಅವನ ತೊಡೆ ಮತ್ತೆ ನಡುಗಿತು.

'ಮಿಸ್ಟರ್ ಟಿಲ್ಲಿ, ಮುಂದಿರುವ ಟೀ ಆರುತ್ತಿದೆ. ಕುಡಿಯಿರಿ.'

ಉಮಾಪತಿ ಕತ್ತೆತ್ತಿದ. ಟೀ ಮುಂದೆಯೇ ಇತ್ತು. ಅವಳು ಅವನನ್ನೇ ನೋಡುತ್ತಿದ್ದಳು.

"ಅಂಗಳದಲ್ಲಿ ಗುನುಗಿದ್ರಲ್ಲ, ಆ ಹಾಡು ನನ್ನ ಗಂಡಂಗೂ ಗೊತ್ತಿಲ್ಲ ಉಮಾಪತಿ," ಎಂದಳು. ದನಿ ಏರಲಿಲ್ಲ. "ಒಬ್ರಿಗೇ ಕಳ್ಸಿದ್ದು."

"ಜ್ಯೋತ್ಸ್ನಾ, ನೀವು ಬಿಟ್ಟು ಹೋಗ್ತೀರೇನೋ ಅಂತ... ಬ್ರಿಸ್ಬೇನಲ್ಲಿ ಆ ಕಾರ್ಡು..."

"ಆ ಮನುಷ್ಯನ ಮಗಳಿಗೆ ಫಿಟ್ಸ್ ಬರುತ್ತೆ. ನಾನು ಮಕ್ಕಳ ಡಾಕ್ಟರು ಅಂತ ಯಾರೋ ಹೇಳಿದ್ರಂತೆ, ಯಾರಿಗೆ ತೋರಿಸ್ಲಿ ಅಂತ ಕೇಳಿದ್ರು. ಬೇರೆಯವರ ಮಗುವಿನ ಕಾಯಿಲೆ ನಿಮಗೆ ಹ್ಯಾಗೆ ಹೇಳ್ಲಿ?" ಅವಳು ಉಸಿರೆಳೆದುಕೊಂಡಳು. "ಮೊದಲನೇ ಪತ್ರಕ್ಕೆ ನಾನೇನು ಬರ್ದಿದ್ದೆ?"

ಅವನಿಗೆ ಬಾಯಿಪಾಠವಾಗಿತ್ತು. ಟೀ ಲೋಟವನ್ನು ಬದಿಗೆ ಸರಿಸಿದ.

"ಹೇಳಿ."

"ಬ್ಯಾಂಡಲ್ಲಿದ್ದೀನಿ... ಏನಿದ್ರೂ ಉಮಾಪತಿಯವರನ್ನ ಕೇಳಿ ಅಂತ."

"ಅಷ್ಟು ಸಾಕಾಗ್ಲಿಲ್ವಾ ನಿಮಗೆ?"

ಸಾಕಾಗಿರಲಿಲ್ಲ. ಎಷ್ಟಿದ್ದರೆ ಸಾಕಾಗುತ್ತಿತ್ತು ಎಂಬುದೂ ಅವನಿಗೆ ಗೊತ್ತಿರಲಿಲ್ಲ. ಕ್ಷಮಿಸಿ ಎಂದ. ಅವಳು ಆ ಮಾತನ್ನು ತೆಗೆದುಕೊಳ್ಳಲೂ ಇಲ್ಲ, ತಳ್ಳಲೂ ಇಲ್ಲ.

ಅಷ್ಟರಲ್ಲಿ ಹಾಲಪ್ಪ, ಡೀನ್ ತಟ್ಟೆ ಹಿಡಿದು ಬಂದರು. ಜ್ಯೋತ್ಸ್ನಾ ಇಂಗ್ಲಿಷಿನಲ್ಲಿ ಮೂರು ವಾಕ್ಯಗಳಲ್ಲಿ ಎಲ್ಲವನ್ನೂ ಹೇಳಿ ಮುಗಿಸಿದಳು. ಡೀನ್ ಉಮಾಪತಿಯನ್ನು ನೋಡಿ, ತನ್ನ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದ. ಹಾಲಪ್ಪ ನಿಂತೇ ಇದ್ದ.

"ಉಮಣ್ಣ," ಎಂದ ಕೊನೆಗೆ, "ಹೋದ್ ವರ್ಷ ಮೆಲ್ಬರ್ನ್ ಕಂಪನಿಯಿಂದ ನನಗೊಂದು ಕೆಲಸದ ಮೇಲ್ ಬಂದಿತ್ತು. ಬರಂಗಿಲ್ಲ ಅಂತ ಬರ್ದೆ. ಅದೂ ನೀವೇ ಏನು?"

"ಅಲ್ಲ ಹಾಲಪ್ಪ! ದೇವರಾಣೆ ಅಲ್ಲ."

ಹಾಲಪ್ಪ ತಲೆಯಾಡಿಸಿದ. ನಂಬಿದ್ದಕ್ಕೆ ಆಡಿಸಿದ್ದಲ್ಲ ಅದು.

"ಇವತ್ತಿನ ಶೋ ಬಾರಿಸ್ತೀನಿ," ಎಂದಳು ಜ್ಯೋತ್ಸ್ನಾ, "ಟಿಕೆಟ್ ತಗೊಂಡೋರು ಏನ್ ತಪ್ಪು ಮಾಡಿದ್ದಾರೆ? ಆಮೇಲೆ ಇಲ್ಲ."

ಆ ಸಂಜೆ ಪಬ್ಬು ತುಂಬಿತ್ತು. ಮೂರನೆಯ ಹಾಡಿನಲ್ಲಿ ಪಿಟೀಲಿನ ಸರದಿ ಬಂತು. ಆರು ಸುತ್ತು ಕಳೆಯಿತು, ಎಂಟು ಕಳೆಯಿತು. ಅವಳು ಅವನ ಕಡೆ ನೋಡಲೇ ಇಲ್ಲ. ಡೀನ್ ಅವಳನ್ನೇ ನೋಡುತ್ತ ತಾಳ ಹಿಡಿದಿದ್ದ, ಹಾಲಪ್ಪ ಕಣ್ಣು ಮುಚ್ಚಿ ಜೊತೆಗಿದ್ದ. ಉಮಾಪತಿ ಗಿಟಾರಿನ ಮೇಲೆ ಅಂಗೈ ಇಟ್ಟುಕೊಂಡು ನಿಂತ. ಎಷ್ಟು ಸುತ್ತು ಬಾರಿಸಿದಳೋ ಎಣಿಸಲಿಲ್ಲ. ಜನ ಕೂಗಾಡಿದರು. ತಾನು ಇಷ್ಟು ವರ್ಷ ಏನನ್ನು ತಡೆದಿಟ್ಟಿದ್ದೆ ಎಂಬುದು ಅವನಿಗೆ ಆ ಹೊತ್ತು ಕಿವಿಯಾರೆ ಕೇಳಿಸಿತು. ಕೊನೆಯ ಹಾಡು ಮುಗಿದ ಮೇಲೆ ಅವಳು ಜನರಿಗೆ ಕೈಮುಗಿದು, ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು, ಟ್ಯಾಕ್ಸಿ ಹತ್ತಿದಳು.

ಅಡಿಲೇಡಿಗೆ ಬಂದು ಉಮಾಪತಿ ಪದ್ಮಾಳಿಗೆ ಎಲ್ಲ ಹೇಳಿಕೊಂಡ. ಅವಳು ಬೈಯಲಿಲ್ಲ. ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿ, "ಹದಿನಾಲ್ಕು ತಿಂಗಳು ನೀವು ಮನೇಲಿ ಇಷ್ಟು ಸಮಾಧಾನವಾಗಿದ್ರಲ್ಲ. ನನಗೊಂದು ಚೂರೂ ಗೊತ್ತಾಗ್ಲಿಲ್ಲ," ಎಂದಳು. ಅವಳ ನೋಟದಲ್ಲಿ ಆ ದಿನದಿಂದ ಒಂದು ಎಚ್ಚರ ಸೇರಿಕೊಂಡಿತು. ಆ ಎಚ್ಚರ ಅವನಿಗೆ ಹೊಸದೇನಲ್ಲ; ಇಷ್ಟು ವರ್ಷ ಅವನ ಕಣ್ಣಲ್ಲೇ ಇದ್ದದ್ದು.

ಟಿಲ್ಲಿಯ ವಿಳಾಸವನ್ನು ಅಳಿಸಿದ. ತನ್ನದೇ ಹೆಸರಿನಲ್ಲಿ ಜ್ಯೋತ್ಸ್ನಾಳಿಗೆ ಒಂದು ಪುಟ ಬರೆದ. ಉತ್ತರ ಬರಲಿಲ್ಲ.

ಜೂನಿನ ಒಂದು ಭಾನುವಾರ ಬೆಳಿಗ್ಗೆ ತನ್ನ ಸಾಮಾನು ತರಲು ಬ್ಲೇರ್ ಅಥಾಲ್‌ಗೆ ಹೋದ. ಗ್ಯಾರೇಜಿನಲ್ಲಿ ಡೀನ್‌ನ ಡ್ರಮ್‌ಗಳು ಇದ್ದಲ್ಲೇ ಇದ್ದವು, ಪಕ್ಕದಲ್ಲಿ ಪಿಟೀಲಿನವರಿಗೆಂದು ಹಾಕಿದ ಕುರ್ಚಿಯೂ ಇತ್ತು. ಹಾಡುಗಾರ ನಿಲ್ಲುವ ಜಾಗದಲ್ಲಿದ್ದ ಮೈಕನ್ನು ಆ ಕುರ್ಚಿಯ ಮುಂದಕ್ಕೆ ತಂದು ಕೂತವರ ಬಾಯಿಯ ಎತ್ತರಕ್ಕೆ ಇಳಿಸಿದ್ದರು. ಉಮಾಪತಿ ನೋಡಿದ, ಕೇಳಲಿಲ್ಲ. ಹಾಲಪ್ಪ ಕಾಫಿ ಕೊಟ್ಟ. ಕೊಡುವ ಮೊದಲು ಬೆಂಚಿನ ಮೇಲಿದ್ದ ತನ್ನ ಫೋನನ್ನು ಎತ್ತಿ ಜೇಬಿಗಿಳಿಸಿದ.

"ದೊಡ್ಡ ಆಂಪ್ಲಿಫಯರ್ ಒಬ್ರಿಂದ ಆಗಂಗಿಲ್ಲ ಉಮಣ್ಣ. ಆ ಕಡಿ ಹಿಡೀರಿ," ಎಂದ.

ಇಬ್ಬರೂ ಬಗ್ಗಿ ಎತ್ತಿದರು. ಬಾಗಿಲು ದಾಟುವಾಗ ಹಾಲಪ್ಪ, "ಮೆಟ್ಲು ಐತಿ, ಹುಷಾರು," ಎಂದ. ಉಮಾಪತಿ ಕಾಲಿಡುವ ಮೊದಲು ಮೆಟ್ಟಿಲನ್ನು ನೋಡಲಿಲ್ಲ. ಹಾಲಪ್ಪ ಹೇಳಿದ ಮೇಲೆ ಅದು ಅಲ್ಲಿರಲೇಬೇಕೆಂದು ನಂಬಿ ಹಿಂದಕ್ಕೆ ಹೆಜ್ಜೆಯಿಟ್ಟ. ಅದು ಅಲ್ಲೇ ಇತ್ತು. ಕಾರಿನ ಡಿಕ್ಕಿಯಲ್ಲಿ ಆಂಪ್ಲಿಫಯರ್ ಇಟ್ಟು ಹಾಲಪ್ಪ ಕೈ ಒರೆಸಿಕೊಂಡು ಒಳಗೆ ಹೋದ, ಗ್ಯಾರೇಜಿನ ಬಾಗಿಲು ನಿಧಾನವಾಗಿ ಕೆಳಗಿಳಿಯಿತು.